ಗೋದಾ ಅಡುಗೆಮನೆಯಿಂದ ನೋಡಿದ ಹದಿಮೂರನೆಯ ಕಂತು

ನಮ್ಮ ಯಜಮಾನರು ಶೇಷಗಿರಿ, ಬ್ಯಾಂಕಿನಲ್ಲಿ ಗುಮಾಸ್ತರು. ಅವರು ಟೀವಿಗೆ ನಗೆ ಧಾರಾವಾಹಿ ಬರೆದದ್ದು ಅವರ ಪುಣ್ಯವೋ ನನ್ನ ಕರ್ಮವೋ, ದೇವರೇ ಬಲ್ಲ. ಎಂಬತ್ತಾರನೇ ಇಸವಿ. ಹನ್ನೆರಡು ವಾರ ಗ್ಯಾಸ್ ಸಿಲಿಂಡರು, ಸೀಮೆಎಣ್ಣೆ ಕ್ಯೂ, ಅಳಿಯನ ಗೊರಕೆ ಅಂತ ಯಶವಂತಪುರವನ್ನೆಲ್ಲ ನಗಿಸಿದರು. ಕೊನೆಯ ಕಂತಿಗೆ ದೂರದರ್ಶನದ ಮೇಲಿನವರು, ಬರೀ ನಗು ಸಾಕು, ಸಮಾಜಕ್ಕೊಂದು ಸಂದೇಶ ಇರಲಿ ಅಂದರಂತೆ. ಆಗ ಅದೇ ಗಾಳಿ. ವರದಕ್ಷಿಣೆ, ಕುಟುಂಬ ಯೋಜನೆ ಎಲ್ಲ ನಗೆಯ ಬೆನ್ನೇರಿ ಮನೆಯೊಳಗೆ ಬರತೊಡಗಿದ್ದವು. ಇವರು ಮೂರು ದಿನ ತಲೆ ಕೆರೆದುಕೊಂಡರು. ಸಂದೇಶ ನಮ್ಮ ಅಡುಗೆಮನೆಯಲ್ಲೇ ಸಿಕ್ಕಿತು.

ಅದು ಇವರ ತಂಗಿ ಗೋದಾ. ಯಲಹಂಕದಲ್ಲಿ ರೈಲ್ವೆ ಕೆಲಸದಲ್ಲಿದ್ದ ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು. ಒಂದು ಟ್ರಂಕು ಹಿಡಿದು ನಮ್ಮಲ್ಲಿಗೆ ಬಂದಳು. ಟೈಪಿಂಗ್ ಕಲಿತು ಗೊರಗುಂಟೆಪಾಳ್ಯದ ಹತ್ತಿರ ಒಂದು ಫ್ಯಾಕ್ಟರಿಯ ಆಫೀಸು ಸೇರಿದಳು. ಅಲ್ಲಿ ಗಂಡಸರೂ ಅವಳಿಗೆ ಹೆದರುತ್ತಿದ್ದರು. ಒಂದಕ್ಷರ ತಪ್ಪಿದರೂ ಕಾಗದ ವಾಪಸ್. ಮನೆಯಲ್ಲಿ ಮಾತ್ರ ನವರಾತ್ರಿಯ ಗೊಂಬೆಗಳನ್ನು ಒರೆಸಿ ಜೋಡಿಸುವವಳು, ಉಸಲಿ ಒಗ್ಗರಿಸುವವಳು, ಮುತ್ತೈದೆಯರು ಕುಂಕುಮಕ್ಕೆ ಬಂದರೆ ಸದ್ದಿಲ್ಲದೆ ಒಳಗೆ ಹೋಗುವವಳು ಎಲ್ಲ ಅವಳೇ. ಹೋಗು ಅಂತ ನಾವು ಹೇಳಿರಲಿಲ್ಲ. ಇರು ಅಂತಲೂ ಹೇಳಿರಲಿಲ್ಲ.

ಕಂತಿನಲ್ಲಿ ಇವರು ಬರೆದದ್ದು ಅದನ್ನೇ. ಬಾಗಿಲು ಬಡಿದಾಗಲೆಲ್ಲ ಒಬ್ಬ ವಿಧವೆ ಸೌಟು ಹಿಡಿದು ಪರದೆಯ ಹಿಂದೆ ಓಡುತ್ತಾಳೆ, ಜನ ನಗುತ್ತಾರೆ. ಕೊನೆಗೆ ಅತ್ತಿಗೆ ಎಲ್ಲರೆದುರು ಕರೆದು ಕುಂಕುಮ ಕೊಡುತ್ತಾಳೆ. ತಂಗಿಯನ್ನು ಒಂದು ಮಾತು ಕೇಳಿರಲಿಲ್ಲ ಮಹಾನುಭಾವರು. ನನಗೆ ಹೇಳಿದ್ದು ಪ್ರಸಾರದ ಹಿಂದಿನ ದಿನ. ಬಂದ ಹೊಸದರಲ್ಲೇ ಗೋದಾ ನನಗೆ ಅಂದಿದ್ದಳು: "ನನ್ನ ಹಗುರ ಮಾಡೋರ ಮನೇಲಿ ಒಂದಿನ ಇರಲ್ಲ ಅತ್ತಿಗೆ." ಅವಳು ಆಡಿದಂತೆ ಮಾಡುವವಳು. ಅವಳಿಲ್ಲದ ಮನೆ ನನಗೆ ಬೇಕಿರಲಿಲ್ಲ.

ಪ್ರಸಾರದ ದಿನವೂ ನವರಾತ್ರಿಯೇ. ಬೀದಿಯಲ್ಲಿ ಟೀವಿ ಇದ್ದದ್ದು ನಮ್ಮಲ್ಲಿ. ಗೊಂಬೆ ನೋಡಲು ಬಂದ ಹೆಂಗಸರೆಲ್ಲ ಚಾಪೆಯ ಮೇಲೆ ಕೂತರು. ಗೋದಾ ಎಂದಿನಂತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಕರೆಂಟಾದರೂ ಹೋಗಬಾರದೇ ಅಂತ ಬೇಡಿಕೊಂಡೆ. ದಿನಾ ಸಂಜೆ ಕೈಕೊಡುವ ಕರೆಂಟು ಅವತ್ತು ಗಟ್ಟಿಯಾಗಿ ನಿಂತಿತು. ಪರದೆಯ ಹಿಂದೆ ಓಡುವ ದೃಶ್ಯಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆ ರತ್ನಕ್ಕ ನಗುತ್ತಲೇ ಹಿಂದೆ ತಿರುಗಿದಳು, ಗೋದಾಳನ್ನು ಕಂಡು ಬಾಯಿ ಮುಚ್ಚಿಕೊಂಡಳು. ನನಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಕುಂಕುಮದ ದೃಶ್ಯಕ್ಕೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಂಥಾ ಒಳ್ಳೇ ಸಂದೇಶ ಅಂತ ಇವರನ್ನು ಹೊಗಳಿದ್ದೇ ಹೊಗಳಿದ್ದು. ಇವರ ಮುಖ ಊರಗಲ. ಹೊರಡುವವರಿಗೆ ನಾನು ಭರಣಿ ಹಿಡಿದು ಒಬ್ಬೊಬ್ಬರಿಗೇ ಕುಂಕುಮ ಕೊಡುತ್ತಾ ಬಂದೆ. ಕೊನೆಯವಳು ರತ್ನಕ್ಕ. ಅವಳು ಇಟ್ಟುಕೊಂಡಾದ ಮೇಲೆ ಎಂದಿನಂತೆ ಮುಚ್ಚಳ ಹಾಕಿ ತಲೆಯೆತ್ತಿದೆ. ರತ್ನಕ್ಕನ ಹಿಂದೆ ಗೋದಾ ನಿಂತಿದ್ದಳು. ಹಬ್ಬದ ದಿನ ಜನರ ನಡುವೆ ಅವಳು ಹೊಸ್ತಿಲು ದಾಟಿ ಬಂದದ್ದು ಏಳು ವರ್ಷದಲ್ಲಿ ಅದೇ ಮೊದಲು.

"ಟೀವಿಯಲ್ಲಿದ್ದ ಅತ್ತಿಗೆ ಮುಚ್ಚಳ ಹಾಕ್ಲಿಲ್ಲ," ಅಂದಳು, ಆಫೀಸಿನ ಕಾಗದದಲ್ಲಿ ತಪ್ಪು ತೋರಿಸುವ ದನಿಯಲ್ಲಿ.

ನಾನು ಗಡಬಡಿಸಿ ಮುಚ್ಚಳ ತೆಗೆದೆ. ಅಷ್ಟರಲ್ಲಿ ಅವಳು ಬಗ್ಗಿ ಚಾಪೆ ಸುತ್ತುತ್ತಿದ್ದಳು. ಇವರ ಬರಹಕ್ಕೆ ಅಷ್ಟು ಹೆದರಿದ್ದೆ. ನನ್ನ ಕೈಗೆ ಹೆದರಬೇಕಿತ್ತು.

ದಸರಾ ಮುಗಿದ ಮಾರನೆಯ ದಿನ ಗೋದಾ ಗೊಂಬೆಗಳನ್ನೆಲ್ಲ ಹಳೇ ಬಟ್ಟೆಯಲ್ಲಿ ಸುತ್ತಿ, ಒಂದೂ ಮುಕ್ಕಾಗದಂತೆ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ತನ್ನ ಟ್ರಂಕು ಹಿಡಿದು ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿಗೆ ಹೋದಳು.