ಅಪ್ಪನ ವಾಕ್ಯದ ಒಂದು ತುಂಡು

ಕೊಡಗು ತನ್ನಷ್ಟಕ್ಕೇ ಒಂದು ರಾಜ್ಯವಾಗಿದ್ದ ಕಾಲ. ಮಡಿಕೇರಿಯಲ್ಲಿ (ನಮಗೆ ಆಗ ಅದು ಮರ್ಕೆರಾ) ಅತ್ತೆಯ ಮನೆಯಲ್ಲಿದ್ದುಕೊಂಡು ಕಾನ್ವೆಂಟ್ ಮುಗಿಸಿ ಇಂಟರ್‌ಮೀಡಿಯೆಟ್ ಸೇರಿದ್ದೆ. ವರ್ಷದ ನಡುವೆ ಮಾವನಿಗೆ ಟ್ರಾನ್ಸ್‌ಫರ್ ಆಗಿ ಅತ್ತೆಯೂ ಊರು ಬಿಡಬೇಕಾಯಿತು. ನಾಪೋಕ್ಲಿನಲ್ಲಿ ಮೇಷ್ಟರಾಗಿದ್ದ ಅಪ್ಪ ನನ್ನನ್ನು ಸೇರಿಸುವಾಗಲೇ ಹೇಳಿದ್ದರು: ಅತ್ತೆಯ ಮನೆಯಲ್ಲಿದ್ದರೆ ಕಾಲೇಜು, ಇಲ್ಲದಿದ್ದರೆ ಇಲ್ಲ.

ನಾನು ಓದಿದ್ದ ಕಾನ್ವೆಂಟಿನ ಬೋರ್ಡಿಂಗೂ ಅತ್ತೆಯ ಮನೆಯೂ ಒಂದೇ ಎಂದು ಅಪ್ಪನ ಹತ್ತಿರ ವಾದಿಸಿದೆ. "ಅಲ್ಲಿ ನಿನ್ನತ್ತೆ ಇದ್ದಾಳಾ?" ಎಂದರು. ನನ್ನ ಆರ್ಗ್ಯುಮೆಂಟ್ ಅಲ್ಲಿಗೆ ಮುಗಿಯಿತು.

ಆ ವಾರ ಲಾಜಿಕ್ ಕ್ಲಾಸಿನಲ್ಲಿ ಇಕ್ವಿವಲೆಂಟ್ ಪ್ರೊಪೊಸಿಷನ್‌ಗಳ, ಎಂದರೆ ಒಂದಕ್ಕೊಂದು ಸಮವಾದ ವಾಕ್ಯಗಳ ಪಾಠ. ಮೊದಲನೆಯದರಿಂದ ಎರಡನೆಯದನ್ನೂ, ಎರಡನೆಯದರಿಂದ ಮೊದಲನೆಯದನ್ನೂ ಪ್ರೂವ್ ಮಾಡಿದರೆ ಎರಡೂ ಸಮ. ಆಮೇಲೆ ಅವುಗಳಲ್ಲೊಂದು ಎಷ್ಟೇ ದೊಡ್ಡ ವಾಕ್ಯದೊಳಗೆ ಕೂತಿರಲಿ, ಅದನ್ನು ತೆಗೆದು ಇನ್ನೊಂದನ್ನು ಇಡಬಹುದು, ದೊಡ್ಡ ವಾಕ್ಯ ಕೆಡುವುದಿಲ್ಲ. ಕ್ಲಾಸು ಬಿಟ್ಟ ಮೇಲೆ ಲೆಕ್ಚರರ್ ಹತ್ತಿರ ನನ್ನ ಕಷ್ಟ ಹೇಳಿಕೊಂಡೆ. ಅವರು ನಗಲಿಲ್ಲ, ಗಾಡ್ ಬ್ಲೆಸ್ ಹಿಮ್.

"ಅಪ್ಪನ ವಾಕ್ಯದ ಜೊತೆ ಜಗಳ ಆಡ್ಬೇಡಮ್ಮ. ಅದರೊಳಗಿನ ತುಂಡು ಯಾವುದಕ್ಕೆ ಸಮ ಅಂತ ಅವರನ್ನೇ ಕೇಳು. ಎರಡೂ ಕಡೆಯಿಂದ ಕೇಳು."

ಶನಿವಾರ ಊರಿಗೆ ಹೋದಾಗ ಅಪ್ಪ ಜಗಲಿಯಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಅತ್ತೆಯ ಮನೆಯೇ ಯಾಕೆಂದು ಮೆತ್ತಗೆ ಕೇಳಿದೆ.

"ಅಲ್ಲಿದ್ರೆ ಕತ್ತಲಾಗೋ ಮುಂಚೆ ಒಳಗಿರ್ತೀಯ. ಯಾಕೆ ತಡ ಅಂತ ಕೇಳೋ ಹಿರಿಯರಿರ್ತಾರೆ. ಅಷ್ಟೇ."

"ಅವೆರಡೂ ಇದ್ರೆ ನಿಮಗೆ ಅತ್ತೆ ಮನೇಲಿದ್ದ ಹಾಗೇನಾ ಅಪ್ಪ?"

ತೊಳೆಯೊಂದನ್ನು ಬಾಯಿಗಿಡುತ್ತಿದ್ದವರು ತಡೆದರು. "ಹೂಂ, ಇದ್ದ ಹಾಗೇ."

ಎರಡೂ ಕಡೆ ಸಿಕ್ಕಿತು. ಆ ತುಂಡನ್ನು ಅವರ ವಾಕ್ಯದಲ್ಲೇ ಇಟ್ಟು ಒಪ್ಪಿಸಿದೆ: ಕತ್ತಲಿಗೆ ಮುಂಚೆ ಒಳಗಿದ್ದು, ಕೇಳುವ ಹಿರಿಯರಿದ್ದರೆ ಕಾಲೇಜು. ಬೋರ್ಡಿಂಗಿನಲ್ಲಿ ಆರಕ್ಕೆಲ್ಲ ಗೇಟು ಹಾಕುತ್ತಾರೆ, ಕೇಳುವುದಕ್ಕೆ ಮನೆ ತುಂಬ ಸಿಸ್ಟರ್‌ಗಳಿದ್ದಾರೆ.

"ಮನೆ ತುಂಬ ಅತ್ತೆಯರು! ಅನುಭವಿಸಲಿ ಬಿಡಿ," ಎಂದರು ಒಳಗಿನಿಂದ ಅಮ್ಮ.

ಅಪ್ಪ ಕೈಯಲ್ಲಿದ್ದ ತೊಳೆಯನ್ನು ನನ್ನ ಕೈಗಿಟ್ಟರು. "ನಾನಾಡಿದ ಮಾತೇ ಇದು. ಆಗ್ಲಿ."

"ನಾನು ಹೇಳಿದ್ದು ಹಾಗಲ್ಲ" ಎಂದು ಅವರು ಒಂದೇ ಉಸಿರಿನಲ್ಲಿ ಅನ್ನಬಹುದಿತ್ತು. ನನ್ನ ಎಷ್ಟೋ ಗೆಳತಿಯರ ಅಪ್ಪಂದಿರು ಹಾಗೆಯೇ ಅಂದರು, ಆ ಹುಡುಗಿಯರ ಓದು ಅಲ್ಲಿಗೇ ನಿಂತಿತು. ಪುಸ್ತಕದ ರೂಲ್ ಪುಸ್ತಕದಲ್ಲಿ ಯಾವಾಗಲೂ ನಡೆಯುತ್ತದೆ. ಮನೆಯಲ್ಲಿ ನಡೆಯಬೇಕಾದರೆ ಆಡಿದ ಮಾತಿಗೆ ನಿಲ್ಲುವವರು ಬೇಕು. ಐ ವಾಸ್ ಲಕ್ಕಿ.

ಸೋಮವಾರ ಅಪ್ಪ ನನ್ನ ಟ್ರಂಕು ಹೊತ್ತು ತಾವೇ ಬಂದರು. ನನ್ನನ್ನು ಬೋರ್ಡಿಂಗಿಗೆ ಬಿಟ್ಟು ಹೊರಟವರು ರಸ್ತೆಯಾಚೆ ನಿಂತು, ಆರಕ್ಕೆ ಗೇಟು ಹಾಕುವುದನ್ನು ಕಣ್ಣಾರೆ ನೋಡಿ, ಆಮೇಲೆ ಹೋದರು.