ವಾಪಸ್ ಬಂದ ದ್ರಾಕ್ಷಿ ತಟ್ಟೆ

ಹುಣಸೆಹಣ್ಣು ಹಚ್ಚಿ ದೇವರ ದೀಪಗಳನ್ನು ತಿಕ್ಕುತ್ತಿದ್ದೆ. ಬೆಳಿಗ್ಗೆ ಭಜನೆಗೆಂದು ಕಳಿಸಿದ್ದ ದ್ರಾಕ್ಷಿ ತಟ್ಟೆಯನ್ನು ಪಕ್ಕದ ಮನೆಯಾಕೆ ಹಾಗೇ ಹಿಡಿದುಕೊಂಡು ಹಿತ್ತಿಲಿಗೆ ಬಂದಳು. ಮೇಲೆ ಮುಚ್ಚಿದ್ದ ಬಾಳೆ ಎಲೆಯನ್ನೂ ಯಾರೂ ಸರಿಸಿರಲಿಲ್ಲ.

“ದೊಡ್ಡಮ್ಮ ಬೇಡ ಅಂದ್ರು ಕಣಕ್ಕ. ಇದು ಹೆಂಡ ಮಾಡೋ ಹಣ್ಣಂತೆ. ಬಳ್ಳಿ ಕಡಿಸೋಗಂಟ ನಿಮ್ಮನೆಯಿಂದ ಏನೂ ತರಬೇಡ ಅಂದವ್ರೆ.”

ದೊಡ್ಡಮ್ಮ ಎಂದರೆ ನಮ್ಮ ಊರು ಬಟವಾಡಿಯ ಹೆಂಗಸರ ಭಜನೆಗೆಲ್ಲ ಹಿರಿಯರು. ಅವರ ಕಿವಿಗೆ ಇದು ಬಿದ್ದದ್ದು ಹಿಂದಿನ ದಿನ ಗುಬ್ಬಿಯ ಮದುವೆಮನೆಯಲ್ಲಿ, ನನ್ನ ಮೈದುನನ ಬಾಯಿಂದಲೇ.

ಬಳ್ಳಿ ತಂದವನೂ ಅವನೇ. ಎಪ್ಪತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಯವರು ಅವನನ್ನು ಟ್ರೈನಿಂಗಿಗೆ ಇಟಲಿಗೆ ಕಳಿಸಿದ್ದರು. ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಕಡ್ಡಿ ತಂದುಕೊಟ್ಟ. ಹೆಸರು ಬಾರ್ಬೆರಾ, ಅಲ್ಲಿಯವರಿಗೆ ಇದಿಲ್ಲದೆ ಊಟ ಸೇರುವುದಿಲ್ಲ, ಎಂಥ ಅಡುಗೆಗೂ ಹೊಂದುತ್ತದೆ ಎಂದ. ಅಷ್ಟು ಹೇಳಿ ಕುಣಿಗಲ್‌ಗೆ, ಹೆಂಡತಿ ಮನೆಗೆ ಹೋದ. ಅಡುಗೆಗೆ ಎಂದರೆ ಒಲೆಯ ಮೇಲಿಡುವುದು ಎಂದೇ ನಾನು ತಿಳಿದೆ.

ಒಂದು ಕಡ್ಡಿ ಒಣಗಿತು, ಇನ್ನೊಂದು ಚಪ್ಪರ ಹತ್ತಿತು. ಮೂರನೇ ವರ್ಷ ಕಪ್ಪು ಗೊಂಚಲು ಬಿಟ್ಟಿತು. ಬಾಯಿಗೆ ಹಾಕಿದರೆ ಕಣ್ಣು ಮುಚ್ಚಿಸುವ ಹುಳಿ, ಒಗರು ಮಾತ್ರ ಇಲ್ಲ. ಬೆಲ್ಲ, ಒಣಮೆಣಸಿನಕಾಯಿ, ಹುರಿದ ಎಳ್ಳು ಸೇರಿಸಿ ಗೊಜ್ಜು ಕುದಿಸಿದೆ. ಮುದ್ದೆಗೆ ಸರಿಹೋಯಿತು, ಅಕ್ಕಿರೊಟ್ಟಿಗೆ ಸರಿಹೋಯಿತು, ಮೊಸರನ್ನದ ಪಕ್ಕಕ್ಕೂ ಸರಿಹೋಯಿತು. ಪ್ರತಿ ಸಲವೂ ಮೊದಲ ಗೊಂಚಲು ದೇವರಿಗೆ. ಇದೇ ದೊಡ್ಡಮ್ಮ ನಮ್ಮನೆ ಜಗುಲಿಯಲ್ಲಿ ಕೂತು ಗೊಜ್ಜನ್ನು ಎರಡನೇ ಸಲ ಬಡಿಸಿಕೊಂಡು, ಬೆರಳು ನೆಕ್ಕಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಮಧ್ಯಾಹ್ನ ಯಜಮಾನರು ಬಂದವರೇ ಮಚ್ಚು ಹುಡುಕಿದರು. ಮನೆಯಲ್ಲಿ ಹೆಂಡದ ಬಳ್ಳಿ ಬೆಳೆಸಿದ್ದೀರಂತೆ ಎಂದು ಬೀದಿಯಲ್ಲಿ ನಾಲ್ಕು ಜನ ಕೇಳಿದ್ದರಂತೆ. ಮದುವೆ ಮುಗಿಸಿಕೊಂಡು ಅವರ ಹಿಂದೆಯೇ ಬಂದ ಮೈದುನ ನಗುತ್ತಿದ್ದ.

“ತಮಾಷೆಗೆ ಹೇಳ್ದೆ ಅತ್ತಿಗೆ. ಅಲ್ಲಿ ಇದ್ರಲ್ಲಿ ವೈನ್ ಮಾಡಿ ಊಟದ ಜೊತೆ ಕುಡೀತಾರೆ. ನೀವು ದೇವ್ರಿಗೆ ಇಡ್ತೀರಲ್ಲ ಅಂತ ನಗು ಬಂತು.”

ನನಗೆ ಮೈಯೆಲ್ಲ ಉರಿದುಹೋಯಿತು. ಯಜಮಾನರು ಮಚ್ಚು ಹಿಡಿದು ಚಪ್ಪರದ ಕಡೆ ಹೊರಟಾಗ ಬಳ್ಳಿಯ ಬುಡಕ್ಕೆ ಹೋಗಿ ನಿಂತೆ. ಮದುವೆಯಾಗಿ ಬಂದಮೇಲೆ ಅವರಿಗೆ ಅಡ್ಡ ನಿಂತದ್ದು ಅದೇ ಮೊದಲು.

“ಬೆಲ್ಲದಲ್ಲಿ ಸಾರಾಯಿ ಕಾಯಿಸ್ತಾರೆ. ಅಕ್ಕೀಲೂ ಮಾಡ್ತಾರೆ. ದೊಡ್ಡಮ್ಮ ಅವೆರಡನ್ನೂ ಹಾಕಿ ದೇವರಿಗೆ ಪಾಯಸ ಮಾಡಲ್ವಾ? ಅದನ್ನ ಮೊದ್ಲು ಎತ್ತಿಸಿ. ಆಮೇಲೆ ಇದನ್ನ ಕಡೀರಿ.” ಮೈದುನನ ಕಡೆ ತಿರುಗಿದೆ. “ನೀನು ಅವರ ಮನೆಗೆ ಹೋಗು. ಇದು ವೈನ್ ಮಾಡೋ ಹಣ್ಣು ಅಂತ ಇಷ್ಟು ವರ್ಷ ನಮ್ಮತ್ತಿಗೆಗೆ ನಾನೇ ಹೇಳಿರ್ಲಿಲ್ಲ ಅನ್ನು. ಆಗ್ಲೂ ನಗು ಬರ್ತದಾ ನೋಡಾನ.”

ಅವನು ತಲೆ ತಗ್ಗಿಸಿದ. ಆದರೆ ಹೋಗಲಿಲ್ಲ. ಯಜಮಾನರು ಒಣಗಿದ ನಾಲ್ಕು ಕೊಂಬೆ ಸವರಿ ಮಚ್ಚನ್ನು ಸೂರಿಗೆ ಸಿಕ್ಕಿಸಿದರು. ಭಜನೆಯವರು ನನ್ನ ತಟ್ಟೆಯನ್ನು ಆಮೇಲೂ ಮುಟ್ಟಲಿಲ್ಲ; ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಬಳ್ಳಿ ಉಳಿಯಿತು, ಅದು ದೇವರ ದಯೆ.

ಆ ಮಧ್ಯಾಹ್ನವೇ, ವಾಪಸ್ ಬಂದ ಗೊಂಚಲನ್ನು ಅದೇ ಎಲೆಯ ಮೇಲೆ ನಮ್ಮ ದೇವರ ಮುಂದೆ ಇಟ್ಟು ಕೈ ಮುಗಿದೆ. ದೀಪಗಳಿಗೆ ಹಚ್ಚಿದ್ದ ಹುಣಸೆಹಣ್ಣು ಅಷ್ಟರಲ್ಲಿ ಒಣಗಿ ಹಿಡಿದಿತ್ತು. ಮತ್ತೆ ನೀರು ಚಿಮುಕಿಸಿ ತಿಕ್ಕಲು ಕೂತೆ.