ದೀಪ ಹಚ್ಚಿದ ಮೇಲೆ ನಾಯಿ ಕಟ್ಟಬಾರದು

ಘಟ್ಟದ ಕೆಳಗಿನ ಮುಂಡಾಜೆಗೆ ಬಂದ ಮೊದಲ ಸಂಜೆ ನನ್ನನ್ನು ಬೆಚ್ಚಿಬೀಳಿಸಿದ್ದು ಸರಪಳಿಯ ಸದ್ದು. ದೀಪ ಹಚ್ಚುವ ಹೊತ್ತು. ಗುಡ್ಡದ ಮೇಲಿನ ಮನೆಯಲ್ಲಿ ಒಂದು ಸರಪಳಿ ಕಲ್ಲಿನ ಮೇಲೆ ಬಿತ್ತು. ಕೆಳಗಿನ ಮನೆಯಲ್ಲಿ ಇನ್ನೊಂದು, ತೋಡಿನ ನೀರಿನಾಚೆ ಮತ್ತೊಂದು. ನೋಡುತ್ತಿದ್ದಂತೆ ಊರಿನ ನಾಯಿಗಳೆಲ್ಲ ಗದ್ದೆಯ ಬದುಗಳ ಮೇಲೆ ಓಡತೊಡಗಿದವು. ನಾನು ಟ್ರಂಕಿನ ಮೇಲೆ ಹತ್ತಿ ನಿಂತೆ.

ನಮ್ಮ ಬಿಜಾಪುರದ ಕಡೆ ಕಟ್ಟುವುದು ಎತ್ತನ್ನು, ಎಮ್ಮೆಯನ್ನು. ನಾಯಿ ಓಣಿಯದು, ಅದಕ್ಕೆ ಯಜಮಾನನೂ ಇಲ್ಲ, ಹಗ್ಗವೂ ಇಲ್ಲ. ಇಲ್ಲಿ ದನ ಗುಡ್ಡದಲ್ಲಿ ಮೇಯುತ್ತದೆ, ನಾಯಿ ಹಗಲಿಡೀ ಕಂಬದಲ್ಲಿರುತ್ತದೆ. ಸಂಜೆಗೆ ಬಿಚ್ಚುತ್ತಾರೆ. ಯಾರೂ ಬರೆದಿಟ್ಟ ನಿಯಮವಲ್ಲ, ಆದರೂ ಯಾರೂ ತಪ್ಪಿಸುವುದಿಲ್ಲ.

ರಾಜ್ಯಗಳು ಒಂದಾದ ಮರುವರ್ಷ ನನಗೆ ಇಲ್ಲಿಗೆ ವರ್ಗವಾಯಿತು. ನಾನು ಡ್ರಿಲ್ ಮಾಸ್ತರ. ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಆರಕ್ಕೆ ನಡಿಗೆ. ಮೂವತ್ತು ವರ್ಷ ಇದು ಬದಲಾಗಿರಲಿಲ್ಲ. ಜೋಳದ ರೊಟ್ಟಿ ಹೋಗಿ ಕುಚ್ಚಲಕ್ಕಿ ಗಂಜಿ ಬಂತು, ಧೂಳು ಹೋಗಿ ಬೂಷ್ಟು ಬಂತು. ಮಳೆಗಾಲದಲ್ಲಿ ಒಗೆದ ಅಂಗಿ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ಎಲ್ಲಕ್ಕೂ ಹೊಂದಿಕೊಂಡೆ. ಮಾತು ಮಾತ್ರ ಬರಲಿಲ್ಲ. ಶಾಲೆಯಲ್ಲಿ ಕನ್ನಡ, ಶಾಲೆಯ ಗೇಟು ದಾಟಿದರೆ ತುಳು.

ತುಳು ಕಲಿಸಿದ್ದು ಕಿವಿ ಕೇಳದ ಹೆಂಗಸು. ಕಮಲಕ್ಕ ನನಗೆ ಕೋಣೆ ಕೊಟ್ಟವಳು. ಕೇದಗೆಯ ಜಾತಿಯ ಮುಂಡೇವಿನ ಓಲೆಯ ಚಾಪೆ ಹೆಣೆದು ಒಬ್ಬಳೇ ಬದುಕುತ್ತಿದ್ದಳು. ಎರಡನೇ ಕ್ಲಾಸಿನಲ್ಲಿ ಬಂದ ಜ್ವರ ಅವಳ ಕಿವಿ ಕೊಂಡೊಯ್ದಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು, ತುಳುವಿನ ತುಟಿಯನ್ನು ಮಾತ್ರ. ಹಾಗಾಗಿ ನಾನು ಒಂದೊಂದೇ ಪದ ನಿಧಾನವಾಗಿ ಆಡುವುದನ್ನು ಕಲಿತೆ.

ಅವಳ ಕಿವಿಯೆಂದರೆ ಬೊಳ್ಳು. ಬಿಳಿ ನಾಯಿ. ಯಾರಾದರೂ ಅಂಗಳಕ್ಕೆ ಬಂದರೆ ಅದು ಬೊಗಳುತ್ತಿರಲಿಲ್ಲ. ಸರಪಳಿಯನ್ನು ಎಳೆದು ಕಂಬವನ್ನು ಅಲುಗಿಸುತ್ತಿತ್ತು. ಅದೇ ಕಂಬಕ್ಕೆ ಬೆನ್ನು ಕೊಟ್ಟು ಅವಳು ಚಾಪೆ ಹೆಣೆಯುತ್ತಿದ್ದಳು. ರಾತ್ರಿ ಅದು ಬಾಗಿಲೊಳಗೆ, ಅವಳ ಕಾಲಬುಡದಲ್ಲಿ ಮಲಗುತ್ತಿತ್ತು.

ಮೂರನೇ ವರ್ಷ ಚಾರ್ಮಾಡಿ ರಸ್ತೆಯಲ್ಲಿ ಹುಚ್ಚುನಾಯಿಯೊಂದು ನನ್ನ ಶಾಲೆಯ ಹುಡುಗಿಯನ್ನು ಕಚ್ಚಿತು. ಹುಡುಗಿ ಉಳಿಯಲಿಲ್ಲ. ಪಂಚಾಯತಿ ಸೇರಿತು. ನನ್ನ ಅಕ್ಷರ ದುಂಡಗಿದ್ದುದರಿಂದ ಠರಾವು ಬರೆಯುವ ಕೆಲಸ ನನ್ನದು. ಅಧ್ಯಕ್ಷರಾದ ಪಟೇಲರು, "ನಾಯಿಗಳನ್ನು ಕಟ್ಟಿ ಹಾಕಬೇಕು ಅಂತ ಬರೆಯಿರಿ" ಎಂದರು. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹಗಲೂ ರಾತ್ರಿಯೂ ಕಟ್ಟಬೇಕು, ಹೊರಗೆ, ರಸ್ತೆಗೆ ಕಾಣುವಂತೆ ಕಟ್ಟಬೇಕು ಎಂದು ಸೇರಿಸಿದೆ. ಬೆಳಗಿನ ನಡಿಗೆಯಲ್ಲಿ ಎಣಿಸಲು ಅನುಕೂಲವಾಗಲೆಂದು. ಯಾರೂ ತಕರಾರು ತೆಗೆಯಲಿಲ್ಲ. ಇಲ್ಲಿ ಬರೆದ ಕನ್ನಡವೆಂದರೆ ಸರಕಾರ.

ಕಮಲಕ್ಕ ಮಾತ್ರ ತೆಗೆದಳು. ಎರಡನೇ ಕ್ಲಾಸಿನ ಕನ್ನಡದಲ್ಲಿ ಹೇಳಿದಳು: "ರಾತ್ರಿ ಹೊರಗೆ ಕಟ್ಟಿದ ನಾಯಿ ನಾಯಿಯಲ್ಲ ಮಾಷ್ಟ್ರೇ. ಪಿಲಿಗೆ ಬಡಿಸಿಟ್ಟ ಬಾಳೆಲೆ." ಪಿಲಿ ಎಂದರೆ ಹುಲಿ, ಚಿರತೆಗೂ ಅದೇ ಹೆಸರು.

"ನಿಯಮ ಎಲ್ಲರಿಗೂ ಒಂದೇ" ಎಂದೆ. ಅವಳು ಬಿಚ್ಚಿದ್ದ ಸರಪಳಿಯನ್ನು ಎತ್ತಿ, ಬೊಳ್ಳುವಿನ ಕೊರಳಿಗೆ ನಾನೇ ಸಿಕ್ಕಿಸಿದೆ. ಅದು ನನ್ನ ಕೈ ನೆಕ್ಕಿತು.

ನಾಲ್ಕೂವರೆಗೆ ಎದ್ದೆ. ಲಾಟೀನು ಹಿಡಿದು ಅಂಗಳಕ್ಕೆ ಬಂದರೆ ಸರಪಳಿ ಇತ್ತು. ಕೊರಳಪಟ್ಟಿ ಇತ್ತು. ಮಣ್ಣಿನಲ್ಲಿ ಕಂಬದ ಸುತ್ತ ಸುತ್ತಿದ ಗುರುತು, ಆಮೇಲೆ ತೋಡಿನ ಕಡೆಗೆ ಎಳೆದ ಗುರುತು. ಕಮಲಕ್ಕ ಒಳಗೆ ಮಲಗಿದ್ದಳು. ಅವಳಿಗೆ ಏನೂ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ಹನ್ನೆರಡರ ಸುಮಾರಿಗೆ ನಾಯಿ ಸರಪಳಿ ಎಳೆಯುತ್ತಿದೆ, ಅಭ್ಯಾಸವಾಗುತ್ತದೆ ಎಂದುಕೊಂಡು ಮಗ್ಗುಲು ಬದಲಿಸಿದ್ದೆ.

ಅದೇ ವಾರ ಇನ್ನೆರಡು ಮನೆಯ ನಾಯಿಗಳು ಹೋದವು. ಪಂಚಾಯತಿ ಮತ್ತೆ ಸೇರಿತು.

ಒಣಮೀನಿನ ಅಂಗಡಿಯ ಅಬ್ಬು ಬ್ಯಾರಿ ಮೊದಲು ಎದ್ದರು. "ಹುಚ್ಚುನಾಯಿ ಬಂದದ್ದು ಒಂದು ಸಲ. ಪಿಲಿ ದಿನಾ ಬರ್ತದೆ. ಪಂಚಾಯ್ತಿ ಅದಕ್ಕೆ ಅನ್ನಛತ್ರ ಇಟ್ಟದ್ದಾ ಮಾರಾಯ್ರೇ?"

ಕೆಲವರು ನಕ್ಕರು. ಪಟೇಲರು ನಗಲಿಲ್ಲ. "ನಾಯಿ ಹೋದ್ರೆ ಇನ್ನೊಂದು ನಾಯಿ ಉಂಟು ಬ್ಯಾರಿ. ಆ ಹುಡುಗಿಯ ಅಪ್ಪನಿಗೆ ಇನ್ನೊಂದು ಮಗಳುಂಟಾ?"

"ನಾಯಿಯನ್ನು ಒಳಗೆ ಕೂಡಿದ್ರೆ ಆ ಹುಡುಗಿಗೆ ಏನು ನಷ್ಟ ಇತ್ತು? ಹೊರಗೆ ಕಟ್ಟಿ ಅಂತ ಹೇಳಿದ್ದು ಯಾರು?"

ಯಾರೂ ನನ್ನ ಕಡೆ ನೋಡಲಿಲ್ಲ. ಅದು ನೋಡುವುದಕ್ಕಿಂತ ಕಷ್ಟವಾಗಿತ್ತು. ಎದ್ದು ನಿಂತು ಹೇಳಿದೆ: "ನಾನು. ಎಣಿಸುವುದಕ್ಕೆ."

ಪಟೇಲರು ಕಾಗದವನ್ನು ನನ್ನ ಮುಂದೆ ಸರಿಸಿದರು. "ಬರೆಯಿರಿ ಮಾಷ್ಟ್ರೇ. ಕಟ್ಟಿದ್ದು ನೀವು, ಬಿಚ್ಚುವುದೂ ನೀವೇ."

ಹುಚ್ಚಿನ ಭಯ ಹೋಗುವವರೆಗೆ ಹಗಲು ಕಟ್ಟಬೇಕು. ದೀಪ ಹಚ್ಚಿದ ಮೇಲೆ ಹೊರಗೆ ಕಟ್ಟಬಾರದು, ಒಳಗೆ ಕೂಡಬೇಕು. ಇಷ್ಟೇ ಬರೆದೆ. ಮನೆಮನೆಗೆ ಹೋಗಿ ಓದಿದೆ. ಕೊನೆಗೆ ಕಮಲಕ್ಕನ ಎದುರು ಕೂತು, ತುಟಿ ಕಾಣುವಂತೆ, ಅವಳು ಕಲಿಸಿದ ತುಳುವಿನಲ್ಲಿ ಹೇಳಿದೆ: "ದೀಪ ಪೊತ್ತಾಯಿ ಬೊಕ್ಕ ನಾಯಿನ್ ಕಟ್ಟೆರೆ ಬಲ್ಲಿ." ದೀಪ ಹಚ್ಚಿದ ಮೇಲೆ ನಾಯಿ ಕಟ್ಟಬಾರದು.

ಅವಳು ಕಂಬವನ್ನು ನೋಡಿದಳು. "ಯಾವ ನಾಯಿಯನ್ನು?" ಎಂದಳು.

ನಾನು ಉಜಿರೆಯಿಂದ ಮರಿ ತಂದೆ. ಅವಳು ಮುಟ್ಟಲಿಲ್ಲ, ಅದನ್ನು ಬ್ಯಾರಿಯವರು ಕೊಂಡುಹೋದರು. ಒಂದು ಮಧ್ಯಾಹ್ನ ಹಿಂದಿನಿಂದ ಬಂದ ಮೀನಿನವಳ ಕೈ ಹೆಗಲಿಗೆ ತಾಗಿದ್ದೇ ತಡ, ಕಮಲಕ್ಕ ಬೆಚ್ಚಿ ಓಲೆ ಸೀಳುವ ಕತ್ತಿ ಬೀಸಿದಳು. ಕೂದಲೆಳೆಯಲ್ಲಿ ತಪ್ಪಿತು. ಆ ತಿಂಗಳೇ ಅಣ್ಣ ಬಂದು ಅವಳನ್ನು ಮೂಡುಬಿದಿರೆಗೆ ಕರೆದೊಯ್ದ. ಒಮ್ಮೆ ನೋಡಲು ಹೋದೆ. ಗದ್ದಲದ ಮನೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಒತ್ತಿ ಕೂತಿದ್ದಳು. ಗೋಡೆ ಅಲುಗುವುದಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡ ಸುದ್ದಿ ಬಂತು.

ಈಗ ನಾನು ನಿವೃತ್ತ, ಇಲ್ಲೇ ಉಳಿದಿದ್ದೇನೆ. ಬಿಜಾಪುರದ ಕಡೆಯ ನನ್ನ ಊರಿಗೆ ಹೋದಾಗ ದೀಪ ಹಚ್ಚುವ ಹೊತ್ತಿಗೆ ಎದ್ದು ನಿಲ್ಲುತ್ತೇನೆ. "ಯಾಕ್ರೀ ಮಾಸ್ತರ, ಎದ್ದ್ಯಾಕ ನಿಂತ್ರಿ?" ಎಂದು ಕಟ್ಟೆಯ ಮೇಲಿನವರು ಕೇಳುತ್ತಾರೆ. ಓಣಿಯಲ್ಲಿ ನಾಯಿಗಳು ಸರಪಳಿಯ ಸದ್ದಿಲ್ಲದೆ ಓಡಾಡುತ್ತಿರುತ್ತವೆ. ಅಲ್ಲಿ ನಾನು ಸಮುದ್ರದ ಕಡೆಯವನು. ಇಲ್ಲಿ ಇಂದಿಗೂ ಘಟ್ಟದ ಮೇಲಿನ ಮಾಷ್ಟ್ರು.

ತಮ್ಮ ಕಾಗದ ಬರೆಯುತ್ತಾನೆ: ಇನ್ನೂ ಅಲ್ಲೇನು ಕೆಲಸ, ಬಂದುಬಿಡು. ಆ ಕಾಗದಗಳು ಟ್ರಂಕಿನಲ್ಲಿವೆ, ಬೊಳ್ಳುವಿನ ಸರಪಳಿಯ ಕೆಳಗೆ. ಉತ್ತರ ಬರೆಯಲೆಂದು ಎಷ್ಟೋ ಸಲ ಮುಚ್ಚಳ ತೆಗೆದಿದ್ದೇನೆ. ಕಾಗದ ಬೇಕಾದರೆ ಸರಪಳಿಯನ್ನು ಎತ್ತಬೇಕು.